ಆಲೆಮನೆಯ ಸ್ಕ್ಯಾನಿಂಗ್ ಮತ್ತು ಪಹಣಿಯಲ್ಲಿ ಇಲ್ಲದ ಹೆಸರು

ಮಂಡ್ಯ ಕಡೆ ಬೆಳೆದವರಿಗೆ ಆಲೆಮನೆ ಅಂದರೆ ಮೊದಲು ನೆನಪಾಗುವುದು ವಾಸನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಪಾಕಕ್ಕೆ ಬರುವ ಹೊತ್ತಿಗೆ ಆ ವಾಸನೆ ನಾಲ್ಕು ಗದ್ದೆ ಆಚೆಗೂ ಬರುತ್ತದೆ. ಸ್ಕೂಲ್ ಬಿಟ್ಟ ಮೇಲೆ ನಾವು ಹುಡುಗಿಯರು ಬಾಳೆ ಎಲೆಯ ತುಂಡು ಹಿಡಿದುಕೊಂಡು ಅಲ್ಲಿ ನಿಲ್ಲುತ್ತಿದ್ದೆವು. ಪಾಕದ ಹದ ನೋಡುವವರು ಒಂದು ಸೌಟು ಬಿಸಿ ಬೆಲ್ಲ ಹಾಕುತ್ತಿದ್ದರು. ಯಾರ ಮನೆ ಮಗಳು ಅಂತ ಕೇಳುತ್ತಿದ್ದರು, ಅಷ್ಟೇ.

2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಅಂಥದ್ದೇ ಒಂದು ಆಲೆಮನೆಯ ಹೆಸರು ರಾಜ್ಯದ ಪೇಪರುಗಳಲ್ಲೆಲ್ಲ ಬಂತು. ಅಲ್ಲಿ ಬೆಲ್ಲದ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಬಸುರಿಯರನ್ನು ಕರೆತಂದು, ಸಣ್ಣ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದರು. ಹೆಣ್ಣು ಅಂತಾದರೆ ಗರ್ಭಪಾತಕ್ಕೆ ಮೈಸೂರಿಗೆ ಕಳಿಸುತ್ತಿದ್ದರು. ಎರಡು ಮೂರು ವರ್ಷದಲ್ಲಿ ಈ ಜಾಲ ಸುಮಾರು 900 ಗರ್ಭಪಾತ ಮಾಡಿಸಿದೆ ಅಂತ ಬೆಂಗಳೂರು ಪೊಲೀಸರು ಆಗ ಹೇಳಿದರು. ಕೇಸು ಸಿಐಡಿಗೆ ಹೋಯಿತು. ಅದರ ಬಿಸಿ ಆರುವ ಮೊದಲೇ, 2024ರ ಮೇ ತಿಂಗಳಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥ ಗರ್ಭಪಾತ ನಡೆಯುತ್ತಿದೆ ಅಂತ ಇನ್ನೊಂದು ಪ್ರಕರಣ ಬಂತು.

ಆಲೆಮನೆಯನ್ನೇ ಯಾಕೆ ಆರಿಸಿಕೊಂಡರು ಅಂತ ನಾನು ತುಂಬ ಸಲ ಯೋಚಿಸಿದ್ದೇನೆ. ಊರಿನಿಂದ ಸ್ವಲ್ಪ ದೂರ, ಕಬ್ಬಿನ ಗದ್ದೆಯ ನಡುವೆ. ಗಾಡಿಗಳು ಬಂದು ಹೋಗುವ ಜಾಗ. ಹೆಂಗಸರು ಕಾರಿನಿಂದ ಇಳಿದರೆ ಬೆಲ್ಲಕ್ಕೆ ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಗಾಣದ ಸದ್ದಿನಲ್ಲಿ ಬೇರೆ ಸದ್ದು ಕೇಳುವುದಿಲ್ಲ. ಆದರೆ ನನ್ನನ್ನು ಕಾಡುವುದು ಇದಲ್ಲ. ಅಷ್ಟು ಹೆಂಗಸರು ಅಲ್ಲಿಗೆ ಬರಬೇಕಾದರೆ ಅಷ್ಟು ಮನೆಗಳಲ್ಲಿ ಮೊದಲೇ ಮಾತುಕತೆ ಆಗಿರಬೇಕು. ದುಡ್ಡು ಹೊಂದಿಸಿರಬೇಕು. ಗಂಡ, ಅತ್ತೆ, ಕೆಲವು ಕಡೆ ತವರಿನವರು ಕೂಡ ಸೇರಿ ತೀರ್ಮಾನ ಮಾಡಿರಬೇಕು. ಯಂತ್ರ ಕೊನೆಗೆ ಬಂದದ್ದು. ತೀರ್ಮಾನ ಅಡುಗೆಮನೆಯಲ್ಲೋ ಜಗಲಿಯ ಮೇಲೋ ಆಗಿಹೋಗಿತ್ತು.

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ 1994ರದ್ದು. 1996ರ ಜನವರಿಯಿಂದ ಜಾರಿಯಲ್ಲಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಮಾತಿನಲ್ಲಿ ಮಾತ್ರ ಅಲ್ಲ, ಸನ್ನೆಯಲ್ಲಿ ಕೂಡ ಗಂಡು ಹೆಣ್ಣು ಅಂತ ತಿಳಿಸುವ ಹಾಗಿಲ್ಲ. ಹೇಳಿದವರಿಗೆ ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಎರಡನೇ ಸಲಕ್ಕೆ ಐದು ವರ್ಷದವರೆಗೆ. ಪ್ರತಿ ಯಂತ್ರವೂ ನೋಂದಣಿ ಆಗಿರಬೇಕು. ಪ್ರತಿ ಬಸುರಿಯ ಸ್ಕ್ಯಾನಿಂಗಿಗೂ, ಯಾರಿಗೆ ಯಾಕೆ ಮಾಡಿದರು ಅಂತ ಬರೆಯುವ ಎಫ್ ನಮೂನೆ ತುಂಬಬೇಕು. ಆ ನಮೂನೆ ತುಂಬದಿರುವುದು ಬರೀ ಗುಮಾಸ್ತರ ತಪ್ಪು, ಅದಕ್ಕೆ ಶಿಕ್ಷೆ ಬೇಡ ಅಂತ ಡಾಕ್ಟರುಗಳ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರಲ್ಲಿ ಕೋರ್ಟು ಒಪ್ಪಲಿಲ್ಲ. ಸರಿಯಾದ ತೀರ್ಪು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಈ ಅಪರಾಧದಲ್ಲಿ ಸಾಕ್ಷಿ ಅಂತ ಉಳಿಯುವುದೇ ಆ ಕಾಗದ. ಸಾಯುವವಳು ಇನ್ನೂ ಹುಟ್ಟಿಲ್ಲ, ಹೇಳಬೇಕಾದವರೆಲ್ಲ ಮನೆಯವರೇ, ಇನ್ಯಾರು ದೂರು ಕೊಡುತ್ತಾರೆ?

ಆದರೆ ಆಲೆಮನೆಯಲ್ಲಿ ಯಾವ ನಮೂನೆ? ಕಾಗದ ಹಿಡಿದು ಕಾಯುವ ಕಾನೂನು, ಕಾಗದವೇ ಇಲ್ಲದ ಜಾಗಕ್ಕೆ ತಲುಪುವುದು ಕಷ್ಟ. ಇನ್ನೊಂದು ತೊಡಕೂ ಇದೆ. ಈ ಕಾಯ್ದೆಯ ಪ್ರಕಾರ ಮುಖ್ಯವಾಗಿ ಸಕ್ಷಮ ಪ್ರಾಧಿಕಾರದ, ಅಂದರೆ ಕಾಯ್ದೆ ಜಾರಿಗೆ ಸರ್ಕಾರ ನೇಮಿಸಿದ, ಅಧಿಕಾರಿ ದೂರು ಕೊಟ್ಟರೆ ಕೋರ್ಟು ಕೇಸು ತೆಗೆದುಕೊಳ್ಳುತ್ತದೆ. ಸಾಮಾನ್ಯ ಜನ ದೂರು ಕೊಡಬೇಕಾದರೆ ಮೊದಲು 15 ದಿನದ ನೋಟಿಸು ಕೊಡಬೇಕು. ಪೊಲೀಸರು ತಾವೇ ಚಾರ್ಜ್‌ಶೀಟ್ ಹಾಕಿದರೆ ಸಾಲದು. ಈ ದಾರಿ ತಪ್ಪಿದರೆ, ಸಿಕ್ಕಿಬಿದ್ದವರು ಅದನ್ನೇ ಹಿಡಿದು ಹೊರಗೆ ಬರುತ್ತಾರೆ. ಹಿಡಿದ ದಿನ ಪೇಪರಿನಲ್ಲಿ ದೊಡ್ಡದಾಗಿ ಬರುತ್ತದೆ. ಬಿಟ್ಟ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಯಾರೂ ಕೈ ಹಾಕದೆ ಬಿಟ್ಟರೆ ಸಾವಿರ ಗಂಡುಮಕ್ಕಳು ಹುಟ್ಟುವ ಹೊತ್ತಿಗೆ ಸುಮಾರು 950 ಹೆಣ್ಣುಮಕ್ಕಳು ಹುಟ್ಟುತ್ತವೆ. ಪ್ರಕೃತಿಯ ಲೆಕ್ಕವೇ ಹಾಗೆ. ಆರು ವರ್ಷದೊಳಗಿನ ಮಕ್ಕಳನ್ನು ತೆಗೆದುಕೊಂಡರೆ ದೇಶದಲ್ಲಿ 1961ರಲ್ಲಿ ಸಾವಿರಕ್ಕೆ 976 ಹೆಣ್ಣುಮಕ್ಕಳಿದ್ದರು. 1991ಕ್ಕೆ 945, 2001ಕ್ಕೆ 927, 2011ಕ್ಕೆ 918. ಆ ವರ್ಷ ಕರ್ನಾಟಕ 948ರಲ್ಲಿತ್ತು. ಮಂಡ್ಯ ರಾಜ್ಯದ ಸರಾಸರಿಗಿಂತ ಕೆಳಗಿತ್ತು.

948 ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಸರಾಸರಿಯ ತೊಂದರೆಯೇ ಅದು. ಮೊದಲನೇ ಮಗು ಹೆಣ್ಣಾದರೂ ಹೆಚ್ಚಿನ ಮನೆಗಳಲ್ಲಿ ಲಕ್ಷ್ಮಿ ಬಂದಳು ಅಂತ ಸಿಹಿ ಹಂಚುತ್ತಾರೆ. ನಿಜವಾಗಿ ಖುಷಿಯಿಂದಲೇ ಹಂಚುತ್ತಾರೆ. ಆತಂಕ ಶುರುವಾಗುವುದು ಎರಡನೆಯದಕ್ಕೆ. ಮೊದಲ ಮಗು ಹೆಣ್ಣಾದ ಮನೆಗಳ ಎರಡನೇ ಹೆರಿಗೆ ಮಾತ್ರ ಲೆಕ್ಕ ಹಾಕಿದರೆ ಹೆಣ್ಣುಮಕ್ಕಳ ಸಂಖ್ಯೆ ಚೆನ್ನಾಗಿ ಕುಸಿಯುತ್ತದೆ ಅಂತ ದೇಶದಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಹಿಂದೆ ಒಂದು ಗಂಡು ಆಗುವವರೆಗೆ ಐದಾರು ಹೆರುತ್ತಿದ್ದರು. ನಮ್ಮ ಕಡೆ ಸಾಕಮ್ಮ ಅನ್ನುವ ಹೆಸರು ಎಷ್ಟು ಜನಕ್ಕಿದೆ ನೋಡಿ. ಕೆಲವರಿಗೆ ಅದು ದೇವರ ಹೆಸರು. ಕೆಲವರಿಗೆ, ಹೆಣ್ಣು ಇನ್ನು ಸಾಕು ಅಂತ ಇಟ್ಟದ್ದು. ಆದರೂ ಆ ಸಾಕಮ್ಮ ಹುಟ್ಟಿದಳು, ಬೆಳೆದಳು, ಮನೆಮಂದಿಯನ್ನೆಲ್ಲ ಸಾಕಿದಳು. ಈಗ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಎರಡೇ ಮಕ್ಕಳು, ಅದರಲ್ಲಿ ಒಂದು ಗಂಡಾಗಲೇಬೇಕು ಅಂದರೆ ಸಾಕಮ್ಮನಿಗೆ ಹುಟ್ಟುವ ಅವಕಾಶವೇ ಇಲ್ಲ.

ಬಡತನದಿಂದ ಹೀಗಾಗುತ್ತದೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ಅಂಕಿ ಅಂಶ ಹಾಗೆ ಹೇಳುವುದಿಲ್ಲ. 2001ರಲ್ಲಿ ದೇಶದಲ್ಲೇ ಕೆಟ್ಟ ಸ್ಥಿತಿಯಲ್ಲಿದ್ದದ್ದು ಪಂಜಾಬ್, ಸಾವಿರಕ್ಕೆ 798. ಹರಿಯಾಣ 819. ಎರಡೂ ಕಾಲುವೆ ನೀರಿನ, ಫಸಲಿನ, ಟ್ರ್ಯಾಕ್ಟರಿನ ರಾಜ್ಯಗಳು. ನಮ್ಮ ಮಂಡ್ಯವೂ ಕನ್ನಂಬಾಡಿ ಕಟ್ಟೆಯ ನೀರಿನಿಂದ ಹಸಿರಾದ ಜಿಲ್ಲೆ. ನೀರು ಬಂದ ಮೇಲೆ ಜಮೀನಿಗೆ ಬೆಲೆ ಬಂತು. ಬೆಲೆ ಬಂದ ಜಮೀನು ಮನೆ ಬಿಟ್ಟು ಹೋಗಬಾರದು ಅನ್ನುವ ಹಟವೂ ಬಂತು. ಮಗಳು ಅಂದರೆ ಜಮೀನು ಬೇರೆ ಮನೆಗೆ ಹೋಗುವ ದಾರಿ ಅಂತ ನೋಡುವುದು ಅಲ್ಲಿಂದಲೇ ಶುರು. ಜೊತೆಗೆ ವರದಕ್ಷಿಣೆ, ಚಿನ್ನ, ಛತ್ರದ ಖರ್ಚು.

2011ರ ನಂತರ ಜನಗಣತಿಯ ಲೆಕ್ಕ ಇಲ್ಲ. 2021ರಲ್ಲಿ ನಡೆಯಬೇಕಿದ್ದದ್ದು ನಡೆಯಲಿಲ್ಲ. ಮುಂದಿನ ಎಣಿಕೆಗೆ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. ಈ ಹದಿನಾರು ವರ್ಷದಲ್ಲಿ ಯಾವ ತಾಲ್ಲೂಕಿನಲ್ಲಿ ಎಷ್ಟು ಹೆಣ್ಣುಮಕ್ಕಳು ಕಡಿಮೆಯಾದರು ಅಂತ ಮನೆ ಮನೆ ಎಣಿಸಿದ ಲೆಕ್ಕ ಆಮೇಲೆಯೇ ಸಿಗಬೇಕು.

ಆಲೆಮನೆಯ ಸುದ್ದಿ ಬಂದ ವರ್ಷವೇ, ಫೆಬ್ರವರಿಯಲ್ಲಿ, ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ, ಮಾದಪ್ಪ ದಾರಿ ತೋರಿಸಲಿ ಅಂತ. ಟಿವಿಯಲ್ಲಿ ನೋಡಿ ತುಂಬ ಜನ ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತೈದು ದಾಟಿದ, ಮೈಮುರಿದು ದುಡಿಯುವ, ಅಪ್ಪ ಅಮ್ಮನನ್ನು ಬಿಟ್ಟು ಬೆಂಗಳೂರಿಗೆ ಹೋಗಲಾರದ ಹುಡುಗರು ನಮ್ಮ ನೆಂಟರಲ್ಲೇ ನಾಲ್ಕು ಜನ ಇದ್ದಾರೆ. ಅವರ ದುಃಖ ನಿಜ. ಅದಕ್ಕೆ ಕಾರಣ ಒಂದೇ ಅಲ್ಲ. ಬೇಸಾಯಕ್ಕೆ ಮಗಳನ್ನು ಕೊಡಲು ತಂದೆತಾಯಿ ಒಪ್ಪುತ್ತಿಲ್ಲ, ಓದಿದ ಹುಡುಗಿಯರೂ ಒಪ್ಪುತ್ತಿಲ್ಲ. ಹುಟ್ಟದೇ ಹೋದ ಹೆಣ್ಣುಮಕ್ಕಳ ಕೊರತೆ ಅದರ ಮೇಲೆ ಬಂದು ಕೂತಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಣ್ಣುಮಕ್ಕಳನ್ನು ಉಳಿಸಿ, ಇಲ್ಲದಿದ್ದರೆ ನಿಮ್ಮ ಮಗನಿಗೆ ಹೆಂಡತಿ ಎಲ್ಲಿಂದ ಬರುತ್ತಾಳೆ ಅಂತ ಗೋಡೆ ಮೇಲೆ ಬರೆಸುತ್ತಾರೆ. ಆ ಬರಹ ನನಗೆ ಹಿಡಿಸುವುದಿಲ್ಲ. ಅವಳು ಹುಟ್ಟಬೇಕಾದದ್ದು ಯಾರಿಗೋ ಹೆಂಡತಿಯಾಗಲಿ ಅಂತ ಅಲ್ಲ. ಹರಿಯಾಣದಲ್ಲಿ ಹೆಣ್ಣಿನ ಬರ ಬಂದಾಗ ಹೆಣ್ಣಿನ ಗೌರವ ಏನೂ ಹೆಚ್ಚಲಿಲ್ಲ. ಬೇರೆ ರಾಜ್ಯಗಳ ಬಡ ಮನೆಗಳಿಂದ ದುಡ್ಡು ಕೊಟ್ಟು ಹುಡುಗಿಯರನ್ನು ತಂದರು. ಅವರಿಗೆ ಮೋಲ್ಕಿ ಅಂತ ಹೆಸರಿಟ್ಟರು, ಅಂದರೆ ಕೊಂಡು ತಂದವಳು.

ಇದು ನಮ್ಮ ಊರಿನ, ನಮ್ಮ ದೇಶದ ರೋಗ ಮಾತ್ರ ಅಲ್ಲ. ಕಳೆದ ಐವತ್ತು ವರ್ಷದಲ್ಲಿ ಪ್ರಪಂಚದಲ್ಲಿ ಹೀಗೆ ಇಲ್ಲವಾದ ಹೆಣ್ಣುಗಳು 14 ಕೋಟಿಗೂ ಜಾಸ್ತಿ ಅಂತ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2020ರಲ್ಲಿ ಲೆಕ್ಕ ಕೊಟ್ಟಿತು. ಅದರಲ್ಲಿ ಚೀನಾದವರು ಸುಮಾರು 7.2 ಕೋಟಿ, ನಮ್ಮವರು ಸುಮಾರು 4.6 ಕೋಟಿ. ವಿಯೆಟ್ನಾಂ, ಅರ್ಮೇನಿಯಾ, ಅಜರ್‌ಬೈಜಾನ್ ದೇಶಗಳಲ್ಲೂ ಇದೇ ಕಥೆ. ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ. ಒಂದು ಮಾತ್ರ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ: ಮನೆತನ ಮತ್ತು ಆಸ್ತಿ ಮಗನಿಂದ ಮಗನಿಗೆ ಹೋಗುತ್ತದೆ, ಮುಪ್ಪಿನಲ್ಲಿ ತಂದೆತಾಯಿ ಮಗನ ಮನೆಯಲ್ಲಿ ಇರುತ್ತಾರೆ.

ಅದಕ್ಕೇ ದಕ್ಷಿಣ ಕೊರಿಯಾದ ಕಥೆ ನಮಗೆ ಮುಖ್ಯ. ಈ ರೋಗ ಹಿಡಿದು ಪೂರ್ತಿ ವಾಸಿಯಾದ ದೇಶ ಅದು. 1990ರಲ್ಲಿ ಅಲ್ಲಿ 100 ಹೆಣ್ಣುಮಕ್ಕಳಿಗೆ 116ಕ್ಕೂ ಜಾಸ್ತಿ ಗಂಡುಮಕ್ಕಳು ಹುಟ್ಟಿದರು. ಅದು ಅವರ ಪಂಚಾಂಗದಲ್ಲಿ ಬಿಳಿ ಕುದುರೆಯ ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಹಟಮಾರಿ, ಗಂಡನಿಗೆ ಒಳ್ಳೆಯದಲ್ಲ ಅನ್ನುವ ನಂಬಿಕೆ. ನಮ್ಮ ಮೂಲಾ ನಕ್ಷತ್ರದ ಮಾತು ನೆನಪಾಗುತ್ತದೆ, ಅಲ್ವಾ? ಗಂಡೋ ಹೆಣ್ಣೋ ಹೇಳಬಾರದು ಅಂತ ಅಲ್ಲಿ 1987ರಲ್ಲೇ ಕಾನೂನು ಬಂದಿತ್ತು. ಅದು ಬಂದ ಮೂರು ವರ್ಷಕ್ಕೂ ಪರಿಸ್ಥಿತಿ ಹೀಗಿತ್ತು.

ಆಮೇಲೆ ಏನಾಯಿತು? 1991ರಿಂದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಬಂತು. ಹುಡುಗಿಯರು ಓದಿ ಪೇಟೆಗಳಲ್ಲಿ ಕೆಲಸಕ್ಕೆ ಸೇರಿದರು. 1988ರಲ್ಲಿ ಶುರುವಾದ ರಾಷ್ಟ್ರೀಯ ಪಿಂಚಣಿ 1999ರ ಹೊತ್ತಿಗೆ ದೇಶದ ಎಲ್ಲ ದುಡಿಯುವವರನ್ನೂ ಮುಟ್ಟಿತು. ಮುಪ್ಪಿಗೆ ಮಗನೇ ಗತಿ ಅನ್ನುವ ಭಯ ಸಡಿಲವಾಯಿತು. 2005ರಲ್ಲಿ ಕುಲದ ಜಮೀನು ನೋಡಿಕೊಳ್ಳುವ ಸಂಘದಲ್ಲಿ ಹೆಣ್ಣುಮಕ್ಕಳಿಗೂ ಸದಸ್ಯತ್ವ ಇದೆ ಅಂತ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಮನೆಗೆ ಗಂಡಸೇ ಯಜಮಾನ ಅಂತ ಸರ್ಕಾರದ ದಫ್ತರದಲ್ಲಿ ಬರೆಯುವ ಹೋಜು ಪದ್ಧತಿ 2008ರಲ್ಲಿ ಹೋಯಿತು. ಅಷ್ಟರಲ್ಲಿ ಹುಟ್ಟುವ ಮಕ್ಕಳ ಲೆಕ್ಕ ಸಹಜಕ್ಕೆ ಬಂದಿತ್ತು. 2024ರ ಫೆಬ್ರವರಿಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಗಂಡೋ ಹೆಣ್ಣೋ ತಿಳಿಸುವುದಕ್ಕೆ ಇದ್ದ ನಿಷೇಧವನ್ನೇ ತೆಗೆದುಹಾಕಿತು. ತಿಳಿದರೂ ಯಾರೂ ಹೆಣ್ಣು ಅಂತ ತೆಗೆಸುವುದಿಲ್ಲ ಅನ್ನುವ ಮಟ್ಟಕ್ಕೆ ಆ ಸಮಾಜ ಬಂದಿದೆ.

ನಮ್ಮಲ್ಲಿ ಈಗಲೇ ನಿಷೇಧ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಬೇಡ. ಆದರೆ ಕೊರಿಯಾದ ಅನುಭವ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಯಂತ್ರಕ್ಕೆ ಕಾವಲು ಹಾಕಿದ್ದರಿಂದ ಮಾತ್ರ ಅವರು ಗೆಲ್ಲಲಿಲ್ಲ. ಮನೆಯ ಲೆಕ್ಕ ಬದಲಾಯಿತು.

ನಮ್ಮ ಮನೆಯ ಲೆಕ್ಕ ಎಲ್ಲಿದೆ? ಪಹಣಿಯಲ್ಲಿ. ನಿಮ್ಮ ಮನೆಯ ಪಹಣಿ ತೆಗೆದು ನೋಡಿ. ಅದರಲ್ಲಿ ಎಷ್ಟು ಹೆಣ್ಣಿನ ಹೆಸರಿದೆ? ಇದ್ದರೂ ಬಹಳ ಮಟ್ಟಿಗೆ ಗಂಡ ತೀರಿಕೊಂಡ ಹೆಂಗಸಿನದು.

ಕಾನೂನಿನ ವಿಷಯದಲ್ಲಿ ನಾವು ಹಿಂದೆ ಇದ್ದವರೇ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾನೂನು ಬಂದಿತ್ತು. ಅಪ್ಪ ಮಕ್ಕಳು ಪಾಲಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕು ಅಂತ ಅದರಲ್ಲಿತ್ತು. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. 1994ರಲ್ಲಿ ಕರ್ನಾಟಕ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಅಂತ ತಿದ್ದುಪಡಿ ಮಾಡಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಷರತ್ತೂ ಹೋಯಿತು. ಆಗ ಅಪ್ಪ ಬದುಕಿರಬೇಕಿತ್ತೇ ಅನ್ನುವ ಗೊಂದಲವನ್ನು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು. ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು. ಹೆಂಗಸರ ವಿರುದ್ಧದ ತಾರತಮ್ಯ ತೊಡೆಯುವ 1979ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ 1989ರ ಮಕ್ಕಳ ಹಕ್ಕುಗಳ ಒಪ್ಪಂದಕ್ಕೂ ಭಾರತ ಸೇರಿದೆ. ಕಾಗದದಲ್ಲಿ ಎಲ್ಲ ಇದೆ.

ಇನ್ನೊಂದು ಕಾಗದವೂ ಇದೆ. ಅದರ ಹೆಸರು ಹಕ್ಕು ಬಿಡುಗಡೆ ಪತ್ರ.

ಅಪ್ಪ ತೀರಿಕೊಂಡ ಮರುವರ್ಷ ನಾನೂ ಅದಕ್ಕೆ ಸಹಿ ಹಾಕಿದೆ. ಉಪನೋಂದಣಿ ಕಚೇರಿಯ ಹೊರಗೆ ಪತ್ರ ಬರಹಗಾರರ ಮೇಜು. ಅಲ್ಲಿ ಒಂದು ಉದ್ದನೆಯ ಬೆಂಚು. ಆ ದಿನ ಬೆಂಚಿನ ಮೇಲೆ ನಮ್ಮ ಹಾಗೆ ಇನ್ನೂ ಎರಡು ಮನೆಯ ಹೆಣ್ಣುಮಕ್ಕಳು ಕೂತಿದ್ದರು. ಒಬ್ಬಾಕೆಯ ತೊಡೆಯ ಮೇಲೆ ಮಗು ಮಲಗಿತ್ತು. ಬರಹಗಾರರು ಪತ್ರ ಓದಿ ಹೇಳಿದರು, ಅರ್ಚನೆ ಓದಿದ ಹಾಗೆ ಬೇಗ ಬೇಗ. ಅದರಲ್ಲಿ ಒಂದು ಸಾಲು ಮಾತ್ರ ನನಗೆ ಸರಿಯಾಗಿ ಕೇಳಿಸಿತು. ಸ್ವಇಚ್ಛೆಯಿಂದ, ಯಾರ ಒತ್ತಾಯ ಅಥವಾ ಪ್ರೇರಣೆ ಇಲ್ಲದೆ. ಒಳಗೆ ಹೋಗಿ ಫೋಟೋ ತೆಗೆಸಿಕೊಂಡು ಹೆಬ್ಬೆಟ್ಟು ಒತ್ತಿದೆ. ಅಣ್ಣ ಹೋಟೆಲಿನಲ್ಲಿ ಊಟ ಹಾಕಿಸಿದ. ಅರಿಶಿನ ಕುಂಕುಮಕ್ಕೆ ಅಂತ ಒಂದು ರೇಷ್ಮೆ ಸೀರೆ ಕೊಡಿಸಿದ.

ಅಣ್ಣ ಕೆಟ್ಟವನಲ್ಲ. ಅಮ್ಮನನ್ನು ಚೆನ್ನಾಗಿ ನೋಡಿಕೊಂಡ. ನನ್ನ ಎರಡು ಬಾಣಂತನವೂ ಅವನ ಮನೆಯಲ್ಲೇ ಆಯಿತು. ಅದಕ್ಕೇ ಸಹಿ ಹಾಕುವುದು ಅಷ್ಟು ಸಲೀಸು. ಯಾರೂ ಕತ್ತು ಹಿಸುಕುವುದಿಲ್ಲ. ಪಾಲು ಕೇಳಿದರೆ ತವರು ತಪ್ಪುತ್ತದೆ ಅನ್ನುವುದು ಪ್ರತಿ ಹೆಣ್ಣಿಗೂ ಹೇಳದೆಯೇ ಗೊತ್ತಿರುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ. ನಾಳೆ ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಿ ಬಾಗಿಲು ತಟ್ಟಲು ಒಂದು ಮನೆ ಇರುವುದಿಲ್ಲ. ಎರಡು ಎಕರೆ ಗದ್ದೆಯ ಅರ್ಧಕ್ಕೆ ಆ ಬಾಗಿಲನ್ನು ಯಾರು ಮುಚ್ಚಿಕೊಳ್ಳುತ್ತಾರೆ?

ನಾನು ಈಗ ನೋಡುವ ರೀತಿ ಬೇರೆ. ಹೀಗೆ ಪ್ರತಿ ಮಗಳೂ ಸಹಿ ಹಾಕಿದಾಗ, ಊರಿನ ಲೆಕ್ಕದಲ್ಲಿ ಮಗಳು ಅಂದರೆ ಖರ್ಚು, ಮಗ ಅಂದರೆ ಜಮೀನು ಅನ್ನುವುದು ಇನ್ನೊಂದು ಸಲ ಗಟ್ಟಿಯಾಗುತ್ತದೆ. ಜಮೀನು ಪೂರ್ತಿ ಮಗನಿಗೆ ಹೋಗುವುದರಿಂದ ಅಪ್ಪ ಅಮ್ಮ ಮಗನ ಮನೆಯಲ್ಲೇ ಇರಬೇಕು. ಮಗನ ಮನೆಯಲ್ಲೇ ಇರಬೇಕಾದ್ದರಿಂದ ಮಗ ಬೇಕೇ ಬೇಕು. ಮಗಳಿಗೆ ಪಾಲಿಲ್ಲದ್ದರಿಂದ ಬದಲಿಗೆ ವರದಕ್ಷಿಣೆ. ವರದಕ್ಷಿಣೆ ಇರುವುದರಿಂದ ಎರಡನೇ ಮಗಳು ಭಯ. ಆಲೆಮನೆಗೆ ಬಂದ ಆ ಬಸುರಿ ಈ ಲೆಕ್ಕದ ಕೊನೆಯ ಸಾಲಿನಲ್ಲಿ ನಿಂತಿದ್ದಾಳೆ.

ಅವಳನ್ನು ಅಪರಾಧಿ ಮಾಡಬಾರದು. ಕಾಯ್ದೆಯೂ ಅದನ್ನೇ ಹೇಳುತ್ತದೆ. ಬಸುರಿಯನ್ನು ಗಂಡ ಅಥವಾ ನೆಂಟರು ಒತ್ತಾಯ ಮಾಡಿದ್ದಾರೆ ಅಂತಲೇ ಕೋರ್ಟು ಮೊದಲು ಭಾವಿಸಬೇಕು, ಅಲ್ಲ ಅಂತ ಸಾಬೀತಾಗುವವರೆಗೆ. ಅವಳು ಪಡುವ ಪಾಡನ್ನೂ ನೋಡಬೇಕು. ಸ್ಕ್ಯಾನಿಂಗಿನಲ್ಲಿ ಗಂಡೋ ಹೆಣ್ಣೋ ಖಾತ್ರಿಯಾಗುವ ಹೊತ್ತಿಗೆ ಮೂರು ತಿಂಗಳು ದಾಟಿರುತ್ತದೆ. ಆ ಹಂತದ ಗರ್ಭಪಾತ ತಜ್ಞ ಡಾಕ್ಟರಿಲ್ಲದೆ, ರಕ್ತದ ವ್ಯವಸ್ಥೆ ಇಲ್ಲದೆ ನಡೆದರೆ ತಾಯಿಯ ಜೀವಕ್ಕೇ ಕುತ್ತು. ನನಗೆ ಗೊತ್ತಿರುವ ಒಬ್ಬ ಆಶಾ ಕಾರ್ಯಕರ್ತೆ ತಮ್ಮ ದಾಖಲೆ ಪುಸ್ತಕ ತೆಗೆದು ತೋರಿಸಿದರು. ಮೂರನೇ ತಿಂಗಳಿನಲ್ಲಿ ಹೆಸರು ಬರೆಸಿದ್ದಾಳೆ, ತಾಯಿ ಕಾರ್ಡ್ ಕೊಟ್ಟಿದ್ದಾರೆ, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಐದನೇ ತಿಂಗಳಿನ ಜಾಗದಲ್ಲಿ ‘ಜಾರಿ ಹೋಯಿತು’ ಅಂತ ಬರೆದಿದೆ. ಮೊದಲನೆಯದು ಹೆಣ್ಣು. ‘ಜಾರಿ ಹೋಯ್ತು ಅಂತ ಅತ್ತೆ ಹೇಳಿದ್ರು. ಆ ಹುಡುಗಿ ಗೋಡೆ ಕಡೆ ತಿರುಗಿ ಮಲಗಿದ್ಳು. ನಾನೇನ್ ಕೇಳ್ಲಿ ಮೇಡಂ?’ ಅಂದರು. ಅದೇ ಬೀದಿಯಲ್ಲಿ ಅವರೂ ಬದುಕಬೇಕು.

ಇದರ ಜೊತೆಗೆ ಇನ್ನೊಂದು ಅನ್ಯಾಯ ಆಗದಂತೆ ನೋಡಿಕೊಳ್ಳಬೇಕು. ಗರ್ಭಪಾತ ಅಂದರೇ ಅಪರಾಧ ಅಲ್ಲ. 1971ರ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ, ಅತ್ಯಾಚಾರಕ್ಕೆ ಒಳಗಾದವರು, ಹದಿನೆಂಟು ತುಂಬದವರು ಮುಂತಾದ ಕೆಲವರಿಗೆ 24 ವಾರದವರೆಗೆ. ಒಂದು ದಾಳಿಯ ಸುದ್ದಿ ಬಂದ ಕೂಡಲೇ ನಿಜವಾಗಿ ಬೇಕಾದ ಹೆಣ್ಣುಮಕ್ಕಳನ್ನೂ ಆಸ್ಪತ್ರೆಯವರು ಹೆದರಿ ವಾಪಸ್ ಕಳಿಸಿದರೆ ಅವರು ಹೋಗುವುದು ಮತ್ತೆ ಇಂಥ ಕಳ್ಳ ಜಾಗಗಳಿಗೇ.

ಹುಟ್ಟಿದ ಮೇಲೂ ಕಥೆ ಮುಗಿಯುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಜನಕ್ಕೆ ಹದಿನೆಂಟರ ಒಳಗೇ ಮದುವೆಯಾಗಿತ್ತು. 2017ರಿಂದ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹಕ್ಕೆ ಕಾನೂನಿನ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಆದರೂ ನಡೆಯುತ್ತವೆ. ಎಲ್ಲೋ ಹದಿನಾರರ ಹುಡುಗಿಗೆ ಮದುವೆ ಗೊತ್ತಾಗಿದೆ ಅಂತ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹೆಸರು ಹೇಳಬೇಕಿಲ್ಲ.

ಸರ್ಕಾರ ಮಾಡಬಹುದಾದ ಕೆಲಸ ಜಾಸ್ತಿ ಇದೆ. ನನ್ನ ಮನಸ್ಸಿನಲ್ಲಿ ಮೊದಲು ಬರುವುದು ಸಣ್ಣದೊಂದು. ಹಕ್ಕು ಬಿಡುಗಡೆಗೆ ಬಂದ ಹೆಣ್ಣುಮಗಳನ್ನು ಅಣ್ಣ ತಮ್ಮಂದಿರಿಲ್ಲದೆ ಒಬ್ಬಳನ್ನೇ ಕೂರಿಸಿ, ನಿನ್ನ ಪಾಲು ಇಷ್ಟು, ಇವತ್ತಿನ ಬೆಲೆ ಇಷ್ಟು, ಬಿಡುವುದು ನಿನ್ನಿಷ್ಟ ಅಂತ ಐದು ನಿಮಿಷ ಬಿಡಿಸಿ ಹೇಳಲಿ. ಓದಿ ಮನೆಗೆ ಹೋಗಿ ಯೋಚಿಸಲು ಒಂದು ತಿಂಗಳು ಕೊಡಲಿ. ನನಗೆ ಅದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಸಹಿ ಹಾಕುತ್ತಿದ್ದೆನೋ ಏನೋ. ಆದರೆ ಗೊತ್ತಿದ್ದು ಹಾಕುತ್ತಿದ್ದೆ.

ಹೋದ ಯುಗಾದಿಗೆ ತವರಿಗೆ ಹೋಗಿದ್ದೆ. ಅಣ್ಣನಿಗೆ ಇಬ್ಬರು ಮಕ್ಕಳು. ದೊಡ್ಡವಳು ಪಿಯುಸಿ, ಚಿಕ್ಕವನು ಎಂಟನೇ ಕ್ಲಾಸು. ಸ್ಕಾಲರ್‌ಶಿಪ್ಪಿಗೆ ಯಾವುದೋ ಸರ್ಟಿಫಿಕೇಟ್ ಹುಡುಕುತ್ತ ಅವಳು ಬೀರುವಿನಿಂದ ದಾಖಲೆಗಳ ಕಟ್ಟು ತೆಗೆದಿದ್ದಳು. ಅದರಲ್ಲಿ ನನ್ನ ಪತ್ರವೂ ಸಿಕ್ಕಿತು. ನನ್ನ ಫೋಟೋ ನೋಡಿ ನಕ್ಕಳು. ಆಮೇಲೆ ಪೂರ್ತಿ ಓದಿದಳು. ‘ಅತ್ತೆ, ಯಾಕ್ ಸೈನ್ ಹಾಕಿದ್ರಿ?’ ಅಂತ ಕೇಳಿದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಅಪ್ಪನ ಕಡೆ ತಿರುಗಿ, ‘ಅಪ್ಪಾ, ನಾಳೆ ನಾನೂ ಹಾಕ್ಬೇಕಾ?’ ಅಂದಳು.

ಅಣ್ಣ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಕರೆಂಟು ಬಂತು, ಗದ್ದೆಗೆ ಮೋಟಾರ್ ಹಾಕಬೇಕು ಅಂತ ಎದ್ದು ಹೋದ.